ಹೂ ಬೀಳಲು ನೆಲ

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಮಾಘಮಾಸದ ಕಾಡಿನ ಹೂಗಳು’ ಎಂದು ಅಚ್ಚು ಮಾಡಿಸಿದ್ದಾರೆ. ಅಷ್ಟು ಚೆಂದದ ಶೀರ್ಷಿಕೆಗೆ ನಾನು ನ್ಯಾಯ ಸಲ್ಲಿಸುವವನಲ್ಲ. ನಾಲ್ಕು ಹೂವಿನ ಹೆಸರು ಹೇಳಿ ಬೆಂಕಿಗೆ ಬಂದುಬಿಡುತ್ತೇನೆ. ನನ್ನನ್ನು ಬಲ್ಲವರಿಗೆ ಇದು ಗೊತ್ತಿರುವುದೇ. ಮುಂದಿನ ಸಾಲಿನಲ್ಲಿ ಇಬ್ಬರು ಆಗಲೇ ನಗುತ್ತಿದ್ದಾರೆ.

ನಮ್ಮ ಜಿಲ್ಲೆಯ ಎರಡು ಬೆಟ್ಟಗಳ ಹೆಸರಿನಲ್ಲಿ ಬಿಳುಪಿದೆ. ಗುಂಡ್ಲುಪೇಟೆ ಕಡೆಗೆ ಹಿಮವದ್ ಗೋಪಾಲಸ್ವಾಮಿ, ಈ ಕಡೆಗೆ ಬಿಳಿಗಿರಿರಂಗ. ಹಿಮ ಬಿದ್ದದ್ದನ್ನು ಮಾತ್ರ ಯಾರೂ ಕಂಡಿಲ್ಲ. ಮಂಜಿಗೇ ಹಿಮ ಅಂದುಕೊಂಡು ತೃಪ್ತರಾದ ಜನ ನಾವು. ನಾನು ಓದುವಾಗ ಇಂಗ್ಲಿಷ್ ಪಠ್ಯದಲ್ಲಿ ಒಂದು ಪದ್ಯವಿತ್ತು, ಅದರಲ್ಲಿ ಸ್ನೋಡ್ರಾಪ್ ಎಂಬ ಹೂವು. ಇಂಗ್ಲಿಷ್ ಮೇಷ್ಟ್ರು ‘ಹಿಮದ ಹನಿ’ ಎಂದು ಅರ್ಥ ಹೇಳಿ ಮುಂದಕ್ಕೆ ಹೋದರು. ಹನಿಯೋ ಹೂವೋ ನಮಗೆ ತಿಳಿಯಲಿಲ್ಲ. ನಾವು ಅದನ್ನು ಸಸ್ಯಶಾಸ್ತ್ರದ ಮೇಷ್ಟ್ರ ಬಳಿಗೆ ತೆಗೆದುಕೊಂಡು ಹೋದೆವು. ಅವರು ತಕ್ಷಣ ಉತ್ತರ ಕೊಡುವ ಜಾತಿಯವರಲ್ಲ. ‘ಶಿವರಾತ್ರಿ ಹತ್ತಿರ ಬರಲಿ, ತೋರಿಸ್ತೀನಿ’ ಅಂದರು.

ಶಿವರಾತ್ರಿಗೆ ಇನ್ನೂ ಒಂದು ವಾರವಿರುವಾಗ ನಮ್ಮ ಹತ್ತು ಜನರನ್ನು ಬಸ್ಸು ಹತ್ತಿಸಿ ಕ್ಯಾತದೇವರ ಗುಡಿ ದಾರಿಯಲ್ಲಿ ಇಳಿಸಿ ನಡೆಸಿದರು. ಬಿಳಿಗಿರಿರಂಗನ ಕಾಡು 1974ರಲ್ಲಿ ಅಭಯಾರಣ್ಯವಾಯಿತು. ಇದು ಅದಕ್ಕೂ ಹಿಂದಿನ ಮಾತು. ಈಗ ಹಾಗೆ ಮಕ್ಕಳನ್ನು ಕಟ್ಟಿಕೊಂಡು ನಡೆಯಲಾಗದು. ಎಲೆಯೆಲ್ಲ ಉದುರಿತ್ತು. ಬೂರುಗದ ಹೂ ಒಂದೊಂದೇ ದಪ್ ಎಂದು ಬೀಳುತ್ತಿತ್ತು, ಜಿಂಕೆ ಅದನ್ನು ತಿನ್ನಲು ಬರುತ್ತದೆ ಎಂದು ಮೇಷ್ಟ್ರು ಪಿಸುಮಾತಿನಲ್ಲಿ ಹೇಳಿದರು. ಮುತ್ತುಗ ಆಗತಾನೆ ಹತ್ತಿಕೊಂಡಿತ್ತು. ನಮ್ಮ ಕನ್ನಡ ಪಂಡಿತರು ಅದೇ ವಾರ ಕಿಂಶುಕ ಎಂಬ ಪದವನ್ನು ಬಿಡಿಸಿ, ‘ಕಿಂ ಶುಕ, ಇದೇನು ಗಿಳಿಯೇ?’ ಎಂದು ಮೂಗು ಬಾಗಿಸಿ ತೋರಿಸಿದ್ದರು. ಮರ ನೋಡಿದಾಗ ನಮಗೆ ಗಿಳಿ ಕಾಣಲಿಲ್ಲ, ಪಂಡಿತರ ಮೂಗೇ ಕಂಡಿತು.

ನನ್ನ ಕಣ್ಣಿನಲ್ಲಿ ಉಳಿದದ್ದು ಮರವಲ್ಲ, ನೆಲ. ನೆಲ ಕಪ್ಪಗಿತ್ತು. ಮೊಣಕಾಲೆತ್ತರಕ್ಕೂ ಏನೂ ಇರಲಿಲ್ಲ. ತೆಳುವಾಗಿ ಬೂದಿ, ಅಲ್ಲಲ್ಲಿ ಈಚಲಿನ ಹಸಿರು ಚಿಗುರು, ಆ ಕಪ್ಪಿನ ಮೇಲೆ ಕೆಂಪು ಹೂ. ಒಂದು ಕಡೆ ಮೇಷ್ಟ್ರು ಕುಕ್ಕರಗಾಲಲ್ಲಿ ಕೂತರು. ಸುಟ್ಟ ನೆಲದಿಂದ ಒಂದೂ ಎಲೆಯಿಲ್ಲದ ದಂಟು ಮೇಲೆದ್ದಿತ್ತು, ತುದಿಯಲ್ಲಿ ಮಾಸಲು ಬಿಳಿಯ ಮೊಗ್ಗುಗಳು ಜೋತುಕೊಂಡಿದ್ದವು. ಅಡವಿ ಈರುಳ್ಳಿ. ಕೆಳಗೆ ಅಗೆದು ಗಡ್ಡೆ ತೋರಿಸಿದರು. ‘ನೋಡ್ರಯ್ಯ, ಇದೇ ನಮ್ಮ ಸ್ನೋಡ್ರಾಪ್. ಅಲ್ಲಿ ಹಿಮ ಸರಿಸಿಕೊಂಡು ಬರ್ತದೆ, ಇಲ್ಲಿ ಬೂದಿ ಸರಿಸಿಕೊಂಡು.’

ಅದು ಅದೇ ಗಿಡವಲ್ಲ ಎಂದು ಅವರಿಗೂ ಗೊತ್ತಿತ್ತು. ಸ್ನೋಡ್ರಾಪಿನ ಶಾಸ್ತ್ರೀಯ ಹೆಸರು ಗ್ಯಾಲಾಂಥಸ್, ಗ್ರೀಕಿನಲ್ಲಿ ಹಾಲುಹೂ. ಜನವರಿ, ಫೆಬ್ರವರಿಯಲ್ಲಿ ಇಂಗ್ಲೆಂಡಿನ ಕಾಡಂಚಿನಲ್ಲಿ, ಹಳೆಯ ತೋಟಗಳಲ್ಲಿ, ಚರ್ಚಿನ ಅಂಗಳದಲ್ಲಿ ನೆಲವೇ ಕಾಣದಂತೆ ಅರಳುತ್ತದೆ. ಅದನ್ನು ನೋಡಲೆಂದೇ ಜನ ನಡೆದು ಹೋಗುತ್ತಾರೆ. ಬಹಳ ಕಾಲ ಅದು ಇಂಗ್ಲೆಂಡಿನದೇ ಹೂ ಎಂದು ನಂಬಿದ್ದರು. ಯೂರೋಪಿನ ಮುಖ್ಯಭೂಮಿಯಿಂದ ತೋಟಕ್ಕೆ ತಂದದ್ದು, ತೋಟ ದಾಟಿ ಕಾಡು ಸೇರಿತು ಎನ್ನುವುದು ಈಗಿನ ಅಭಿಪ್ರಾಯ. ಹಾಗಾದರೂ ಅದನ್ನು ಕಳೆ ಎಂದು ಕಿತ್ತವರಿಲ್ಲ. ಯಾಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ಅದರ ಬೀಜವನ್ನು ಹೊತ್ತೊಯ್ಯುವುದು ಇರುವೆ. ಇರುವೆ ಎಷ್ಟು ದೂರ ಹೋದೀತು? ನೂರು ವರ್ಷಕ್ಕೂ ಅದು ತೋಟದ ಮಗ್ಗುಲಲ್ಲೇ ಇರುತ್ತದೆ.

ನಮ್ಮ ತೋಟ ದಾಟಿದ ಗಿಡಕ್ಕೆ ಸಿಕ್ಕ ವಾಹನ ಪಿಕಳಾರ. ಯಾವುದು ಅಂತ ನಿಮಗೆಲ್ಲ ಗೊತ್ತಾಯಿತು: ಲಂಟಾನ, ನಮ್ಮ ಕಡೆಯ ರೋಜಾ ಗಿಡ. ಅಮೆರಿಕದ ಉಷ್ಣ ಪ್ರದೇಶದ್ದು. 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದು, ಬಂಗಲೆಗಳ ಬೇಲಿಯಾಗಿ, ಕಪ್ಪು ಹಣ್ಣನ್ನು ಹಕ್ಕಿಗೆ ಕೊಟ್ಟು ದೇಶ ಸುತ್ತಿತು. ಗುಂಡ್ಲುಪೇಟೆ ಹೊಲಗಳಲ್ಲಿ ಆಷಾಢ, ಶ್ರಾವಣಕ್ಕೆ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತೇವಲ್ಲ, ಆ ಚೆಂಡುಹೂವೂ ಅದೇ ಅಮೆರಿಕದ್ದೇ. ಅದು ಸಾಲು ಬಿಟ್ಟು ಕದಲಲಿಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೆ ಲಾರಿಯಲ್ಲಿ ಹೋಗುತ್ತದೆ. ಒಂದು ಹೊಲದಲ್ಲಿ ನಿಂತಿತು, ಇನ್ನೊಂದು ಬಂಡೀಪುರ ಹೊಕ್ಕಿತು.

ನಮ್ಮ ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ವೈರಿಗೆ ಕೊಡಲಿ ಎಂದರ್ಥ. ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದ ಮುಮ್ಮಡಿ ಕೃಷ್ಣರಾಜರು ಹೆಸರು ಬದಲಿಸಿದರು. ಕೊಡಲಿ ಇಟ್ಟುಕೊಂಡಿದ್ದರೂ ರೋಜಾಗೆ ಪ್ರಯೋಜನವಾಗುತ್ತಿರಲಿಲ್ಲ ಬಿಡಿ. ಕಡಿದಷ್ಟೂ ಬುಡದಿಂದ ಹತ್ತಾಗಿ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಒಂದು ವಿಧಾನ ಹೇಳಿಕೊಟ್ಟಿದ್ದಾರೆ: ಚಿಗುರೊಡೆಯುವ ಬುಡದ ಗಂಟಿಗಿಂತ ಕೆಳಗೆ, ಮಣ್ಣಿನೊಳಗೆ ಬೇರು ಕಡಿದು, ಇಡೀ ಗಿಡವನ್ನು ತಲೆಕೆಳಗು ಮಾಡಿ ಇಡಬೇಕು. ಆಮೇಲೂ ವರ್ಷಗಟ್ಟಲೆ ಸಸಿ ಕೀಳುತ್ತಿರಬೇಕು, ಹಕ್ಕಿ ಮತ್ತೆ ತರುತ್ತದಲ್ಲ.

ಈಗ ನನ್ನ ಜಗಳಕ್ಕೆ ಬರುತ್ತೇನೆ.

ಕೆಲವು ವರ್ಷದ ಹಿಂದೆ, ಅನುಮತಿ ಪಡೆದೇ, ಮೇಷ್ಟ್ರು ನಡೆಸಿದ ಅದೇ ದಾರಿಯಲ್ಲಿ ಬೆಟ್ಟದ ಸೋಲಿಗರ ಒಂದು ಪೋಡಿನ, ಎಂದರೆ ಹಾಡಿಯ, ಹಿರಿಯರೊಂದಿಗೆ ನಡೆದೆ. ಮುತ್ತುಗ ಹೂಬಿಟ್ಟಿತ್ತು. ನೆಲದ ಮೇಲೆ ಒಂದು ಹೂವೂ ಇರಲಿಲ್ಲ. ಎಲ್ಲ ಎರಡಾಳೆತ್ತರದ ರೋಜಾದ ನೆತ್ತಿಯ ಮೇಲೆ ಸಿಕ್ಕಿಕೊಂಡಿದ್ದವು. ಅಡವಿ ಈರುಳ್ಳಿ ಹುಡುಕೋಣವೆಂದರೆ ಬಗ್ಗುವುದಕ್ಕೂ ಜಾಗವಿಲ್ಲ. ‘ಅಜ್ಜ, ಮೊದಲು ಇಲ್ಲಿ ನೆಲ ಕಾಣುತ್ತಿತ್ತಲ್ಲ’ ಅಂದೆ. ‘ಕಾಣ್ತಿತ್ತು ಮೇಷ್ಟ್ರೆ. ನಾವು ತರಗು ಸುಡ್ತಿದ್ದೊ. ನೀವು ಬೇಡ ಅಂದ್ರಿ, ಬುಟ್ಟೊ’ ಅಂದರು.

‘ನೀವು’ ಎಂದದ್ದು ಸರ್ಕಾರಕ್ಕೆ ಎಂದು ಮೊದಲು ಅಂದುಕೊಂಡೆ. ಆಮೇಲೆ ಗಂಟಲು ಕಟ್ಟಿತು. ಆ ಪೋಡಿಗೆ ‘ಕಾಡಿಗೆ ಬೆಂಕಿ ಬೇಡ’ ಎಂಬ ಜಾಥಾ ಕರೆದುಕೊಂಡು ಹೋದವನು ನಾನೇ. ಮಕ್ಕಳ ಕೈಯ ಫಲಕ ಬರೆದವನೂ ನಾನೇ, ಅಕ್ಷರ ಚೆನ್ನಾಗಿದೆ ಎಂದು.

ತರಗುಬೆಂಕಿ ಎಂದರೆ ಏನು? ಪುಷ್ಯ, ಮಾಘದಲ್ಲಿ, ಉದುರಿದ ಎಲೆ ಪೂರ್ತಿ ಒಣಗುವ ಮೊದಲೇ, ಇಬ್ಬನಿಯ ಪಸೆ ಇನ್ನೂ ಇರುವಾಗ ಕೊಡುವ ಬೆಂಕಿ. ಅದು ಹರಿದಾಡುತ್ತದೆ, ಏರುವುದಿಲ್ಲ. ಮಂಡಿಯ ಕೆಳಗೇ ಓಡಾಡಿ ತರಗು, ಒಣಹುಲ್ಲು ತಿಂದು ಆರುತ್ತದೆ. ರೋಜಾದ ಎಳೆ ಸಸಿ ಸುಟ್ಟುಹೋಗುತ್ತದೆ, ಹೊಸ ಹುಲ್ಲು ಬರುತ್ತದೆ, ನೆಲ್ಲಿಮರಕ್ಕೆ ಹತ್ತುವ ಬದನಿಕೆ, ಅವರ ಮಾತಿನಲ್ಲಿ ಉಪ್ಪಿಲು, ಅದೂ ಅಂಕೆಯಲ್ಲಿರುತ್ತದೆ ಎನ್ನುತ್ತಾರೆ. ವನ್ಯಜೀವಿ ಕಾಯ್ದೆ ಬಂದದ್ದು 1972ರಲ್ಲಿ. ಅಭಯಾರಣ್ಯವಾದ ಮೇಲೆ ಪೋಡುಗಳು ಅಂಚಿಗೆ ಬಂದವು, ಬೆಂಕಿ ಆರಿತು. ಈ ನಡುವೆ ಬಿದಿರು ಹೂಬಿಟ್ಟು ಸತ್ತು ಜಾಗ ಬಿಟ್ಟುಕೊಟ್ಟಿತು. ಅಲ್ಲಿಗೂ ರೋಜಾ.

ವಿಜ್ಞಾನಿಗಳದ್ದು ಮೊದಲು ಬೇರೆಯೇ ಲೆಕ್ಕ. ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ 2005ರಲ್ಲಿ ಒಂದು ವಾದ ಮುಂದಿಟ್ಟರು: ಬೆಂಕಿ ಬಿದ್ದ ಜಾಗದಲ್ಲಿ ಎಲ್ಲರಿಗಿಂತ ಮೊದಲು ರೋಜಾ ಏಳುತ್ತದೆ, ಒಣಗಿದ ರೋಜಾ ಮುಂದಿನ ಬೆಂಕಿಗೆ ಸೌದೆಯಾಗುತ್ತದೆ, ಚಕ್ರ ತಿರುಗುತ್ತದೆ. ಓದಿದಾಗ ನನಗೆ ಸಮಾಧಾನವಾಗಿತ್ತು, ನನ್ನ ಫಲಕ ಸರಿಯಿತ್ತಲ್ಲ ಎಂದು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಸೋಲಿಗರನ್ನು ಕೂರಿಸಿ ಕೇಳಿ, ತರಗುಬೆಂಕಿ ನಿಂತದ್ದರಿಂದಲೇ ರೋಜಾ ಬಂತು ಎಂಬ ಅವರ ಮಾತನ್ನು 2012ರಲ್ಲಿ ಬರೆದು ಪ್ರಕಟಿಸಿದರು. ತಮ್ಮ ವಾದಕ್ಕೆ ಎದುರು ಸಾಕ್ಷಿಯನ್ನು ತಾವೇ ಹುಡುಕಿಕೊಂಡು ಹೋಗುವವರು ಎಷ್ಟು ಜನ ಸಿಗುತ್ತಾರೆ, ಹೇಳಿ. ಸಾಹಿತ್ಯ ವಿಮರ್ಶೆಯಲ್ಲಂತೂ ನಾನು ಕಂಡಿಲ್ಲ.

ವಿಜ್ಞಾನಿಗಳೂ ಸೋಲಿಗರೂ ಸುಳ್ಳು ಹೇಳುತ್ತಿಲ್ಲ, ಇಬ್ಬರೂ ಹೇಳುತ್ತಿರುವುದು ಒಂದೇ ಬೆಂಕಿಯಲ್ಲ ಎನ್ನುವುದು ನನಗೆ ಹೊಳೆದದ್ದು. ಇದನ್ನು ನನ್ನ ಸಂಶೋಧನೆ ಎಂದು ಹೇಳಿಕೊಂಡು ತಿರುಗುತ್ತೇನೆಂದು ಗೆಳೆಯರು ಆಡಿಕೊಳ್ಳುತ್ತಾರೆ. ಇರಲಿ. ಕನ್ನಡದಲ್ಲಿ ಎರಡು ಮಾತಿವೆ, ತರಗುಬೆಂಕಿ ಮತ್ತು ಕಾಡ್ಗಿಚ್ಚು. ಗಿಚ್ಚಿಗೆ ಯಜಮಾನನಿಲ್ಲ, ಫಾಲ್ಗುಣ, ಚೈತ್ರದ ಬಿಸಿಲಲ್ಲಿ ಗಾಳಿಯ ಬೆನ್ನು ಹತ್ತಿ ಬರುತ್ತದೆ. ತರಗುಬೆಂಕಿಗೆ ದಿನ ಇದೆ, ಹೊತ್ತು ಇದೆ, ಇಕ್ಕುವ ಮನುಷ್ಯ ಇದ್ದಾನೆ. ಫಲಕ ಬರೆಯುವಾಗ ನಾನು ಎರಡನ್ನೂ ಸೇರಿಸಿ ‘ಬೆಂಕಿ’ ಎಂದು ಬರೆದೆ. ಓದಿದ ನಮಗೆ ಕಾಡಿನ ಬೆಂಕಿ ಎಂದರೆ ಖಾಂಡವವನ ನೆನಪಾಗುತ್ತದೆ, ಒಲೆ ನೆನಪಾಗುವುದಿಲ್ಲ. ‘ಗಂಧದ ಗುಡಿ’ ಬಂದದ್ದು 1973ರಲ್ಲಿ, ಹುಲಿ ಯೋಜನೆಗೆ ಬಂಡೀಪುರ ಸೇರಿದ್ದೂ ಅದೇ ವರ್ಷ. ಪಕ್ಕದ ಗಾಜನೂರಿನ ನಮ್ಮ ಅಣ್ಣಾವ್ರು ಅರಣ್ಯಾಧಿಕಾರಿಯ ಉಡುಪಿನಲ್ಲಿ ನಿಂತ ಮೇಲೆ ಕಾಡು ಕಾಯುವವನು ಯಾರು ಎಂಬುದರಲ್ಲಿ ನಮಗೆ ಅನುಮಾನವೇ ಉಳಿಯಲಿಲ್ಲ. ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲನ್ನು ಇರುಳಿಡೀ ಕೇಳಿದವರು ನಾವು, ಕುಸುಮಾಲೆಯನ್ನು ಮದುವೆಯಾದ ರಂಗನನ್ನು ಸೋಲಿಗರು ಭಾವ ಎಂದು ಕರೆಯುವುದನ್ನು ಬಲ್ಲವರು. ಆದರೂ ಅವರನ್ನು ಕೇಳಬೇಕೆಂದು ತೋಚಲಿಲ್ಲ.

ಹಾಗಾದರೆ ನಾಳೆಯಿಂದ ಸುಡೋಣವೇ? ಇಲ್ಲೇ ನನ್ನ ಸಂಶೋಧನೆ ಕೈಕೊಡುತ್ತದೆ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಹಲವು ದಿನ ಉರಿದದ್ದು ನಿಮಗೆ ಮರೆತಿಲ್ಲ. ಸಾವಿರಾರು ಎಕರೆ ಹೋಯಿತು. ಮರುವಾರ ಹಂಗಳದಲ್ಲಿ ನಿಂತು ಆ ಗುಡ್ಡ ನೋಡಿದೆ. ನೆಲ ಕಂಡಿತು, ನಾನು ಐವತ್ತು ವರ್ಷದಿಂದ ಹುಡುಕುತ್ತಿದ್ದ ಕಪ್ಪು ನೆಲ. ಅದರ ಮೇಲೆ ಹೂ ಬಿದ್ದಿರಲಿಲ್ಲ. ಆಳೆತ್ತರದ ರೋಜಾ ಬೆಂಕಿಗೆ ಏಣಿ. ಅದು ಇರುವಾಗ ಮಾಘದಲ್ಲಿ ಇಕ್ಕಿದರೂ ತರಗುಬೆಂಕಿ ತರಗುಬೆಂಕಿಯಾಗಿ ಉಳಿಯುವುದಿಲ್ಲ. ಇದನ್ನು ಹೇಳಿದ್ದೂ ಆ ಅಜ್ಜನೇ: ‘ಈಗ ಇಕ್ಕುದ್ರ ನಮ್ಮ ಪೋಡೂ ಉಳಿಯಲ್ಲ ಕನಾ.’ ಮೊದಲು ಕೀಳಬೇಕು, ಆಮೇಲೆ ಸುಡಬೇಕು. ಕೀಳುವ ಕೂಲಿ ಯಾರು ಕೊಡುತ್ತಾರೆ, ಸುಡುವ ಅಪ್ಪಣೆ ಯಾರು ಕೊಡುತ್ತಾರೆ?

ಕಿತ್ತದ್ದರಿಂದ ಮೇಜು, ಕುರ್ಚಿ ಮಾಡುವುದನ್ನು ಮಲೆಮಹದೇಶ್ವರ ಬೆಟ್ಟದಲ್ಲಿ ಕಲಿತಿದ್ದಾರೆ. ಗಡಿಯಾಚೆ ಗೂಡಲೂರಿನ ಆದಿವಾಸಿ ಕುಶಲಕರ್ಮಿಗಳು ಅದೇ ಕಡ್ಡಿಯಿಂದ ನಿಜವಾದ ಆನೆಯಷ್ಟೇ ದೊಡ್ಡ ಆನೆಗಳನ್ನು ಕಟ್ಟಿದರು. 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು. ವಸಾಹತಿನ ತೋಟಕ್ಕೆ ಅಲಂಕಾರಕ್ಕೆಂದು ಬಂದ ಗಿಡ ಆನೆಯಾಗಿ ಸಾಹೇಬರ ಊರಿಗೇ ಹೋಯಿತು. ನಮ್ಮ ಮೇಷ್ಟ್ರು ಇದ್ದಿದ್ದರೆ ತುಂಬ ನಗುತ್ತಿದ್ದರು.

ಇಷ್ಟು ಹೊತ್ತು ಬಚ್ಚಿಟ್ಟ ಮಾತೊಂದಿದೆ. ಆ ಮೇಷ್ಟ್ರ ಮನೆಯ ಬೇಲಿ ರೋಜಾದ್ದು. ಹಳದಿ, ಕೇಸರಿ, ನಸುಗೆಂಪು, ಬಿಳಿ, ಒಂದೇ ಗೊಂಚಲಲ್ಲಿ ಎರಡು ಬಣ್ಣ. ಪಾತರಗಿತ್ತಿ ನೋಡಲು ನಮ್ಮನ್ನು ಅಲ್ಲಿಗೇ ಕರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಒಂದು ಕಡ್ಡಿ ಮುರಿದು ತಂದು ನೆಟ್ಟೆ. ನಮ್ಮ ಗೇಟಿನ ಪಕ್ಕ ಈಗಲೂ ಇದೆ.

ಈಗ ನಿಮ್ಮ ಪ್ರಶ್ನೆಗಳ ಸಮಯ, ಆದರೆ ಮೊದಲು ನನ್ನವನ್ನು ಕೇಳಿಬಿಡುತ್ತೇನೆ. ಸಭೆಯಲ್ಲಿ ಅರಣ್ಯ ಇಲಾಖೆಯವರಿದ್ದಾರೆ, ಬೆಟ್ಟದಿಂದ ಬಂದ ಇಬ್ಬರು ಹುಡುಗರೂ ಇದ್ದಾರೆ. 2011ರಲ್ಲಿ ಬಿಳಿಗಿರಿಯ ಪೋಡುಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಬಂತು. ಆ ಕಾಯ್ದೆ ಕಾಡನ್ನು ಕಾಯುವ ಹಕ್ಕನ್ನೂ ಹೇಳುತ್ತದೆ. ತರಗು ಸುಡುವುದು ಕಾಯುವುದರೊಳಗೆ ಸೇರುತ್ತದೆಯೇ? ಸೇರುತ್ತದೆ ಎನ್ನುವುದಾದರೆ, ಐವತ್ತು ವರ್ಷದಿಂದ ಇಕ್ಕದ ಬೆಂಕಿಯ ಹದ ಬಲ್ಲವರು ಎಷ್ಟು ಜನ ಉಳಿದಿದ್ದಾರೆ? ಹುಡುಗರೇ, ನಿಮಗೆ ಬರುತ್ತದೆಯೇ? ನಿಮ್ಮ ಮನೆಯ ಹಿರಿಯರು ನೆನಪಿನಿಂದ ಹೇಳುವುದನ್ನು ನಂಬಿ ಒಂದು ಎಕರೆಯನ್ನಾದರೂ ಬಿಟ್ಟುಕೊಡುವ ಧೈರ್ಯ ನನಗಿದೆಯೇ, ಒಂದು ವೇಳೆ ಅದು ನನ್ನ ಕೈಯಲ್ಲಿದ್ದರೆ? ರೋಜಾದ ಹಣ್ಣಿಗೆ ಒಗ್ಗಿಹೋದ ಹಕ್ಕಿಗಳು ಅದು ಹೋದ ವರ್ಷ ಏನು ತಿನ್ನುತ್ತವೆ?

ಇವತ್ತು ಬೆಳಿಗ್ಗೆ ಈ ಭಾಷಣದ ಟಿಪ್ಪಣಿ ಮಾಡುತ್ತಾ ಕೂತಿದ್ದಾಗ ಗೇಟಿನ ಗಿಡದ ಮೇಲೆ ಎರಡು ಪಿಕಳಾರ ಹಣ್ಣು ತಿನ್ನುತ್ತಿದ್ದವು. ಕತ್ತಿ ಮನೆಯಲ್ಲೇ ಇದೆ, ಸಾಣೆ ಹಿಡಿಸಿದ್ದೇನೆ ಕೂಡ. ಒಂದು ಪಿಕಳಾರ ಹೊಟ್ಟೆ ತುಂಬ ತಿಂದು ಎಷ್ಟು ದೂರ ಹಾರುತ್ತದೆ, ನಿಮ್ಮಲ್ಲಿ ಯಾರಿಗಾದರೂ ಗೊತ್ತೆ?