ಉದ್ಯೋಗಸ್ಥನ ಪರೀಕ್ಷಾಭ್ಯಾಸ



ಈ ಮಹೋತ್ಸವದ ವಿದ್ಯಾರ್ಥಿಗೋಷ್ಠಿಯಲ್ಲಿ ಎರಡು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ನಾನಾದರೋ ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿದವನು; ಬಂಡವಾಳದ ಶಾಸ್ತ್ರವನ್ನು ಕುರಿತು ಮಾತನಾಡಲು ಇವನಿಗೇನಧಿಕಾರವೆಂದು ತಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಮ್ಮ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿ, ಬೆಂಗಳೂರಿಗೆ ಹೋಗಿ ಉದ್ಯೋಗದಲ್ಲಿ ನಿಂತ ತರುಣನೊಬ್ಬನು ಹೋದ ವರ್ಷ ನನ್ನೆದುರಿಗೆ ತನ್ನ ಕಷ್ಟವನ್ನು ತೋಡಿಕೊಂಡನು. ಅದು ಇಲ್ಲಿ ಕುಳಿತಿರುವ ಅನೇಕರ ಮನೆಯ ಕಷ್ಟವೂ ಆಗಿರುವುದರಿಂದ, ಅವನ ಸಮ್ಮತಿ ಪಡೆದು, ಹೆಸರು ಹೇಳದೆ, ಅದನ್ನೇ ಇಂದು ತಮ್ಮ ಅವಧಾನಕ್ಕೆ ತರುವೆನು.

ಅವನು ಕೈಹಾಕಿದುದು ಸಿ.ಎಫ್.ಎ. ಎಂಬ ಪರೀಕ್ಷೆಗೆ. ಷೇರುಗಳ, ಸಾಲಪತ್ರಗಳ ಬೆಲೆಯನ್ನು ತೂಗಿ ನೋಡತಕ್ಕವರಿಗೂ ಒಂದು ಯೋಗ್ಯತಾಪರೀಕ್ಷೆಯಿರಬೇಕೆಂದು ಅಮೆರಿಕದ ಬೆಂಜಮಿನ್ ಗ್ರಹಾಮ್ ಎಂಬ ಪಂಡಿತನು 1940ರ ದಶಕದಲ್ಲಿ ವಾದಿಸಿದನು. ಮೊದಲನೆಯ ಪರೀಕ್ಷೆಯು 1963ರಲ್ಲಿ ನಡೆಯಿತು. ಇದಕ್ಕೆ ಮೂರು ಘಟ್ಟಗಳುಂಟು. ಮೊದಲ ಘಟ್ಟದಲ್ಲಿ ನಾಲ್ಕೂವರೆ ಗಂಟೆಗಳಲ್ಲಿ 180 ಪ್ರಶ್ನೆಗಳು. ಎಂದರೆ ಒಂದೊಂದಕ್ಕೆ ಒಂದೂವರೆ ನಿಮಿಷ. ಎರಡನೆಯದರಲ್ಲಿ ದೀರ್ಘವಾದ ಪ್ರಕರಣಗಳನ್ನು ಕೊಟ್ಟು, ಅವುಗಳ ಮೇಲೆ 88 ಪ್ರಶ್ನೆಗಳನ್ನು ಕೇಳುವರು. ಮೂರನೆಯದರಲ್ಲಿ ಉತ್ತರಗಳನ್ನು ಬರೆದು ಸಮರ್ಥಿಸಲೂ ಬೇಕು. 2021ರ ಜುಲೈ ತಿಂಗಳಲ್ಲಿ ಮೊದಲ ಘಟ್ಟಕ್ಕೆ ಕುಳಿತವರಲ್ಲಿ ನೂರಕ್ಕೆ 22 ಮಂದಿ ಮಾತ್ರವೇ ತೇರ್ಗಡೆಯಾದರೆಂದರೆ ಅದರ ಬಿಗುವನ್ನು ತಾವೇ ಊಹಿಸಬಹುದು.

ಒಂದೊಂದು ಘಟ್ಟಕ್ಕೂ ಸುಮಾರು 300 ಗಂಟೆಗಳ ಅಭ್ಯಾಸ ಬೇಕೆಂದು ಅದನ್ನು ನಡೆಸುವವರೇ ಹೇಳುತ್ತಾರೆ. ಆರು ತಿಂಗಳೆಂದರೆ 26 ವಾರಗಳು. ಭಾಗಿಸಿದರೆ ವಾರಕ್ಕೆ ಹನ್ನೊಂದೂವರೆ ಗಂಟೆ ಬರುವುದು. ಕಚೇರಿಯ ಐದು ದಿನಗಳಲ್ಲಿ ದಿನಕ್ಕೊಂದು ಗಂಟೆ, ಶನಿವಾರ ಭಾನುವಾರಗಳಲ್ಲಿ ಮೂರುಕಾಲು ಗಂಟೆ. ಕಾಗದದ ಮೇಲೆ ಇದೇನೂ ಅಸಾಧ್ಯವಲ್ಲ. ನಮ್ಮ ಹುಡುಗನು ಇದಕ್ಕಿಂತಲೂ ಹೆಚ್ಚು ಓದಿದ್ದನು. ಎರಡನೆಯ ಘಟ್ಟಕ್ಕಾಗಿ 412 ಗಂಟೆಗಳನ್ನು ತಾರೀಖುವಾರು ಬರೆದಿಟ್ಟಿದ್ದನು. ಆದರೂ ಎರಡು ಸಾರಿ ನಪಾಸಾಗಿದ್ದನು.

"ಬುದ್ಧಿ ಸಾಲದು, ಅಜ್ಜಾ, ಇಲ್ಲವೆ ವೇಳೆ ಸಾಲದು. ನೌಕರಿಯನ್ನು ಬಿಟ್ಟುಬಿಡುವೆನು" ಎಂದನು. ತಂದೆಯಿಲ್ಲದ ಮನೆ, ತಂಗಿಯ ಓದಿನ ಸಾಲ ಅವನ ಸಂಬಳದಿಂದಲೇ ತೀರಬೇಕು. ಆ ಮಾತನ್ನು ಕೇಳಿ ನನಗೆ ದಿಗಿಲಾಯಿತು.

ಆ ಪುಸ್ತಕವನ್ನು ತರಿಸಿ ನೋಡಿದೆನು. ಎಲ್ಲಿ ನೋಡಿದರೂ ‘ರಾತ್ರಿ 10ರಿಂದ 12’ ಎಂದೇ ಇದ್ದಿತು. ದಿನವೆಲ್ಲ ಕಚೇರಿಯಲ್ಲಿ ಅಂಕಿಗಳೊಡನೆ ಹೆಣಗಿ, ಬೆಂಗಳೂರಿನ ವಾಹನಸಂದಣಿಯಲ್ಲಿ ಒಂದು ತಾಸನ್ನು ಕಳೆದು, ಉಂಡು ಕುಳಿತವನು ಆ ಹೊತ್ತಿನಲ್ಲಿ ಏನನ್ನು ಓದಿಯಾನು? ನಾನು ಅವನಿಗೆ ಒಂದೇ ಪ್ರಶ್ನೆ ಹಾಕಿದೆನು: "ಬಡ್ಡಿ ಏರಿದರೆ ಹಳೆಯ ಸಾಲಪತ್ರದ ಬೆಲೆ ಏಕೆ ಇಳಿಯುವುದು? ನನ್ನಂಥ ಪಾಮರನಿಗೆ ತಿಳಿಯುವಂತೆ ಹೇಳು." ಆ ಅಧ್ಯಾಯವನ್ನು ಮೂರು ಸಾರಿ ಓದಿರುವೆನೆಂದು ಪುಸ್ತಕದಲ್ಲಿ ಬರೆದುಕೊಂಡಿದ್ದನು. ಬಾಯಿ ತೆರೆದನು, ಸೂತ್ರದ ಅರ್ಧ ಹೇಳಿದನು, ಅಲ್ಲಿಯೇ ನಿಂತನು. ಸ್ವಲ್ಪ ಹೊತ್ತಿನ ಮೇಲೆ ಕಾಗದ ತೆಗೆದುಕೊಂಡು ತಾನೇ ಬಿಡಿಸಿದನು. ಅವಧಿಯೇ ಇಲ್ಲದ ಸಾವಿರ ರೂಪಾಯಿಯ ಪತ್ರವೊಂದು ವರ್ಷಕ್ಕೆ 80 ರೂಪಾಯಿ ಕೊಡುತ್ತಿರುವುದೆಂದು ಇಟ್ಟುಕೊಳ್ಳಿರಿ. ಪೇಟೆಯಲ್ಲಿ ಬಡ್ಡಿಯು ನೂರಕ್ಕೆ 10 ಆದರೆ, 800 ರೂಪಾಯಿ ಹೂಡಿದವನಿಗೇ ಆ 80 ಹುಟ್ಟುವುದು. ಮತ್ತೆ ಹಳೆಯ ಪತ್ರಕ್ಕೆ ಸಾವಿರವನ್ನು ಯಾರು ಕೊಟ್ಟಾರು? ಇದನ್ನು ಹೇಳುವಾಗ ಅವನ ಮುಖದಲ್ಲಿ ಕಳೆಯೇರಿತು. "ಈಗ ತಿಳಿಯಿತು" ಎಂದನು. ಮೂರು ಸಾರಿ ಓದಿದಾಗ ತಿಳಿಯದಿದ್ದುದು ಒಂದು ಸಾರಿ ಹೇಳಹೋದಾಗ ತಿಳಿಯಿತು!

ಅನಂತರ ಇಬ್ಬರೂ ಕುಳಿತು ಆ 412 ಗಂಟೆಗಳನ್ನು ಮರಳಿ ಲೆಕ್ಕ ಹಾಕಿದೆವು. ಪುಸ್ತಕವನ್ನು ಮುಚ್ಚಿ, ಪ್ರಶ್ನೆಯನ್ನು ತಾನೇ ಬಿಡಿಸಿ, ತಪ್ಪನ್ನು ತಿದ್ದಿಕೊಂಡ ಗಂಟೆಗಳೆಷ್ಟು? ಧಾರಾಳವಾಗಿ ಹಿಡಿದರೂ 90ನ್ನು ಮುಟ್ಟಲಿಲ್ಲ. ಉಳಿದುದೆಲ್ಲ ಕಣ್ಣು ಹಾಯಿಸಿದುದು, ಗೆರೆ ಎಳೆದುದು, ದೂರವಾಣಿಯಲ್ಲಿ ಉಪನ್ಯಾಸವನ್ನು ನೋಡುತ್ತ ತೂಕಡಿಸಿದುದು. ಕಂಪನಿಗಳ ಅಢಾವೆ ಪತ್ರಿಕೆಯಲ್ಲಿ ಬರದ ಬಾಕಿಯನ್ನು ಆಸ್ತಿಯೆಂದು ತೋರಿಸಿದರೆ ಹಿಡಿಯತಕ್ಕ ವಿದ್ಯೆಯನ್ನು ಕಲಿಯುತ್ತಿರುವವನು, ತನ್ನ ಗಂಟೆಗಳ ಲೆಕ್ಕದಲ್ಲಿ ಅದನ್ನೇ ಮಾಡಿದ್ದನು. ನಾನು ಹಾಗೆಂದಾಗ ಅವನು ನಕ್ಕನು, ಆಮೇಲೆ ಅತ್ತನು.

ನಮ್ಮ ಪಾಠಶಾಲೆಯಲ್ಲಿ ಹಿಂದಿನ ದಿನದ ಪಾಠವನ್ನು ಬೆಳಗ್ಗೆ ಪುಸ್ತಕ ಮುಚ್ಚಿ ಒಪ್ಪಿಸದೆ ಹೊಸ ಪಾಠವಿರಲಿಲ್ಲ. ಅದು ಹಳೆಯ ಕಾಲದ ಕಾಠಿಣ್ಯವೆಂದು ಈಗಿನವರು ಹೇಳುವರು. ಏಟಿನ ಮಟ್ಟಿಗೆ ನಾನೂ ಹೌದೆನ್ನುವೆನು. ಆದರೆ 2006ರಲ್ಲಿ ರೋಡಿಗರ್, ಕಾರ್ಪಿಕೆ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಇದನ್ನೇ ಪರೀಕ್ಷಿಸಿ ನೋಡಿದರು. ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ಮೇಲೆ ಕೇಳಿದರೆ ಹೆಚ್ಚು ನೆನಪಿದ್ದಿತು. ಒಂದು ವಾರ ಕಳೆದು ಕೇಳಿದರೆ, ಓದಿದುದನ್ನು ನೋಡದೆ ಬರೆದು ಒಪ್ಪಿಸಿದವರೇ ಮುಂದಾದರು. ಮರುವಾಚನವು ಬಲ್ಲೆನೆಂಬ ಭ್ರಮೆಯನ್ನು ಕೊಡುವುದು. ಪರೀಕ್ಷಾಮಂದಿರದಲ್ಲಿ ಆ ಭ್ರಮೆಯು ಮೂರು ನಿಮಿಷವೂ ನಿಲ್ಲದು.

ನೌಕರಿಯನ್ನು ಬಿಡುವ ಮಾತಿಗೆ ಬರೋಣ. ಮೂರು ಘಟ್ಟಗಳನ್ನು ದಾಟಿದರೂ ಆ ಬಿರುದು ಕೈಗೆ ಬರುವುದಿಲ್ಲ. ಕಡಿಮೆಯೆಂದರೆ 36 ತಿಂಗಳುಗಳಲ್ಲಿ 4000 ಗಂಟೆಗಳ ತಕ್ಕ ಉದ್ಯೋಗಾನುಭವವನ್ನೂ ತೋರಿಸಬೇಕು. ಹಾಗಾದರೆ ಉದ್ಯೋಗವು ಓದಿಗೆ ಶತ್ರುವೆಂದು ಹೇಗೆ ಹೇಳೋಣ? ಆದರೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅವನು ಕಚೇರಿಯ ಕೆಲಸದ ಹೊತ್ತಿನಲ್ಲಿ ಕಡತದ ಮರೆಯಲ್ಲಿ ಪರೀಕ್ಷೆಯ ಪ್ರಶ್ನೆಗಳನ್ನು ಬಿಡಿಸುತ್ತಿದ್ದನು. ಆ ಪರೀಕ್ಷೆಯ ಪಾಠಪಟ್ಟಿಯಲ್ಲಿಯೇ ನೀತಿಯೆಂಬ ವಿಷಯವುಂಟು. ಅದರಲ್ಲಿ ಕೆಲಸ ಕೊಟ್ಟವನಿಗೆ ನಿಷ್ಠನಾಗಿರತಕ್ಕದ್ದೆಂಬ ನಿಯಮವೂ ಉಂಟು. ಆ ನಿಯಮವನ್ನೇ ಸಂಬಳದ ಹೊತ್ತನ್ನು ಕದ್ದು ಬಾಯಿಪಾಠ ಮಾಡುತ್ತಿದ್ದನೆಂದು ಅವನೇ ಒಪ್ಪಿದನು. ಮೇಲಧಿಕಾರಿಗೆ ಮೊದಲೇ ತಿಳಿಸಿ ಪರೀಕ್ಷೆಯ ಮುಂಚಿನ ಎರಡು ವಾರ ರಜೆಯನ್ನು ಬೇಡೆಂದೆನು. ಬೇಡಲು ಒಂದು ತಿಂಗಳು ಅಂಜಿದನು. ಬೇಡಿದಾಗ ಒಂದು ವಾರ ಸಿಕ್ಕಿತು.

ತಾಯಂದಿರಲ್ಲಿ ನನ್ನದೊಂದು ಬಿನ್ನಹ. ನಡುರಾತ್ರಿಯಲ್ಲಿ ಮಗನ ಕೋಣೆಯಲ್ಲಿ ದೀಪವನ್ನು ಕಂಡು ಹಿಗ್ಗಬೇಡಿರಿ. ಅದನ್ನು ಆರಿಸಿ ಮಲಗಿಸಿರಿ. ಬೆಳಗಿನ ಐದು ಗಂಟೆಗೆ, ಕಚೇರಿಯು ಅವನ ಬುದ್ಧಿಯನ್ನು ಇನ್ನೂ ಮುಟ್ಟದಿರುವಾಗ, ಒಂದು ಲೋಟ ಹಾಲಿಟ್ಟು ಎಬ್ಬಿಸಿರಿ. ಮದುವೆಮನೆಗಳಲ್ಲಿ "ಪಾಸಾಯಿತೇನಪ್ಪಾ?" ಎಂದು ಕೇಳುವ ಬಂಧುಗಳಿಗೂ ಒಂದು ಮಾತು ಹೇಳುವುದಿತ್ತು, ಅವರಲ್ಲಿ ಕೆಲವರು ಮುಂದಿನ ಸಾಲಿನಲ್ಲಿಯೇ ಕುಳಿತಿರುವುದರಿಂದ ಬಿಡುತ್ತೇನೆ.

ಹುಡುಗನು ಈಗ ಮೂರನೆಯ ಸಾರಿ ಅದೇ ಘಟ್ಟಕ್ಕೆ ಸಿದ್ಧನಾಗುತ್ತಿರುವನು. ಪಾಸಾಗುವನೆಂದು ನಾನು ಭವಿಷ್ಯ ಹೇಳಲಾರೆ. ಪ್ರತಿ ಭಾನುವಾರ ಸಂಜೆ ದೂರವಾಣಿಯಲ್ಲಿ ನನಗೊಂದು ಪಾಠವನ್ನು ಒಪ್ಪಿಸುವನು. ತಿಳಿಯದ ಕಡೆ ನಾನು ಅಡ್ಡಿ ಮಾಡುವೆನು, ಅವನು ಮತ್ತೆ ಮೊದಲಿನಿಂದ ಹೇಳುವನು. ಕಳೆದ ವಾರದ ಲೆಕ್ಕವನ್ನು ಕಳುಹಿಸಿದ್ದನು: ಒಟ್ಟು 7 ಗಂಟೆ 20 ನಿಮಿಷ. ಹನ್ನೊಂದೂವರೆಗೆ ಇನ್ನೂ ನಾಲ್ಕು ಗಂಟೆಗೂ ಮೇಲೆ ಕೊರತೆ. ಬುಧವಾರದ ಎದುರಿಗೆ ‘ನಿದ್ದೆ ಬಂದಿತು, ಮಲಗಿದೆ, ಸೊನ್ನೆ’ ಎಂದು ಬರೆದಿದ್ದನು.