ಒಂದು ಖಾಲಿ ಜಾಗದ ಬೆಲೆ

ನಮ್ಮ ಮಹಿಳಾ ವಿಭಾಗದಲ್ಲಿ ಬ್ಯಾಂಕು, ವಿಮೆ, ಸಂಬಳದ ಲೆಕ್ಕ ನೋಡುವವರು ಹಲವರಿದ್ದೀರಿ. ತಿಂಗಳ ಕೊನೆಗೆ ‘ಫೈಲ್ ರಿಜೆಕ್ಟ್ ಆಯ್ತು’ ಎನ್ನುವ ಗೋಳು ನಿಮಗೆ ಹೊಸದಲ್ಲ. ಅದಕ್ಕೇ ಇಂದು ಫಿಕ್ಸೆಡ್ ಲೆಂಗ್ತ್ ಟೆಕ್ಸ್ಟ್ ಫೈಲ್ ಬಗ್ಗೆ ನಾಲ್ಕು ಮಾತು.

ಈ ಫೈಲಿನಲ್ಲಿ ಮಾಹಿತಿಗಳ ನಡುವೆ ಕಾಮಾ ಇರುವುದಿಲ್ಲ. ಎಷ್ಟನೇ ಜಾಗದಿಂದ ಎಷ್ಟನೇ ಜಾಗದವರೆಗೆ ಏನಿರಬೇಕು ಎಂಬುದೇ ನಿಯಮ. ಹೆಸರಿನ ಬಲಕ್ಕೆ ಖಾಲಿ ಜಾಗ ತುಂಬಬೇಕು, ಮೊತ್ತದ ಎಡಕ್ಕೆ ಸೊನ್ನೆ. 1928ರಲ್ಲಿ ಐಬಿಎಂ ತಂದ 80 ಕಾಲಮ್ಮಿನ ಪಂಚ್ ಕಾರ್ಡಿನ ಕಾಲದ ಪದ್ಧತಿ ಇದು. ಹಳತು ಅಂತ ನಗಬೇಡಿ. ಅಮೆರಿಕದ ಬ್ಯಾಂಕುಗಳ ಎಸಿಎಚ್ ಫೈಲಿನ ಪ್ರತಿ ಸಾಲೂ ಇವತ್ತಿಗೂ 94 ಅಕ್ಷರವೇ.

ಚುಕ್ಕಿ ರಂಗೋಲಿಯಲ್ಲಿ ಒಂದು ಚುಕ್ಕಿ ತಪ್ಪಿದರೆ ಎಳೆ ಎಲ್ಲೋ ಹೋಗುತ್ತದಲ್ಲ, ಹಾಗೇ ಇಲ್ಲೂ. ಪಿಂಚಣಿ 1,500 ರೂಪಾಯಿ ಎನ್ನಿ. ಪೈಸೆ ಲೆಕ್ಕದಲ್ಲಿ, 13 ಜಾಗದಲ್ಲಿ, ಅದು 0000000150000. ಅದರ ಹಿಂದಿನ ಹೆಸರಿನಲ್ಲಿ ಒಂದು ಖಾಲಿ ಜಾಗ ಕಡಿಮೆಯಾದರೆ ಎಲ್ಲವೂ ಎಡಕ್ಕೆ ಸರಿಯುತ್ತದೆ. ಮುಂದಿನ ಫೀಲ್ಡಿನ ಮೊದಲ ಅಂಕಿ ಸೊನ್ನೆಯಾಗಿದ್ದರೆ ಆ ಕಡೆಯ ಕಂಪ್ಯೂಟರ್ ಓದುವುದು 15,000 ರೂಪಾಯಿ! ಒಂದು ಜಾಗ ಹೆಚ್ಚಾದರೆ 150. ಆ ಅಜ್ಜಿಗೆ ಔಷಧಿ ಅಂಗಡಿಯಲ್ಲಿ ಹೇಗಾಗಬೇಡ? ಫೈಲ್ ರಿಜೆಕ್ಟ್ ಆಗುವುದು ನಿಜಕ್ಕೂ ಪುಣ್ಯ.

ಹಾಗಾಗಿ ಕಳಿಸುವ ಮೊದಲೇ ಅಳೆಯಿರಿ. ಸಾಲಿಗೆ 200 ಅಕ್ಷರ, 500 ಸಾಲು. ವಿಂಡೋಸ್‌ನಲ್ಲಿ ಪ್ರತಿ ಸಾಲಿನ ಕೊನೆಗೆ ಇನ್ನೆರಡು ಬೈಟ್. ಫೈಲಿನ ಗಾತ್ರ 1,01,000 ಬೈಟ್ ಇರಬೇಕು. ಇಷ್ಟೇ ಸಾಲದು. ಒಂದು ಸಾಲು ಕಿರಿದು, ಇನ್ನೊಂದು ಉದ್ದವಾದರೂ ಒಟ್ಟು ಸರಿಹೋಗುತ್ತದೆ. ಆದ್ದರಿಂದ ಸಾಲುಸಾಲಾಗಿ ಉದ್ದ ನೋಡಿ, ತಪ್ಪಿದ ಸಾಲಿನ ಸಂಖ್ಯೆ ಹೇಳುವ ಪುಟ್ಟ ಪ್ರೋಗ್ರಾಂ ಬರೆದಿಡಿ. ಒಂದೇ ಸಾಲಿನಲ್ಲಿ ಹೆಸರು ಕುಗ್ಗಿ ವಿಳಾಸ ಹಿಗ್ಗಿದರೆ ಅದೂ ಹಿಡಿಯಲಾರದು. ಅದಕ್ಕೆ ಮೊತ್ತದ ಜಾಗದಲ್ಲಿ ಅಂಕಿಗಳಷ್ಟೇ ಇವೆಯೇ, ಎಲ್ಲ ಕೂಡಿದರೆ ಕೊನೆಯ ಟ್ರೇಲರ್ ಸಾಲಿನ ಒಟ್ಟಿಗೆ ಹೊಂದುತ್ತದೆಯೇ ನೋಡಬೇಕು.

ಎಕ್ಸೆಲ್ ಪ್ರಿಯರಿಗೊಂದು ಮಾತು. ಸಂಖ್ಯೆ ಎಂದುಕೊಂಡರೆ ಅದು ಮುಂದಿನ ಸೊನ್ನೆಗಳನ್ನು ನುಂಗಿಬಿಡುತ್ತದೆ. ಪಿಆರ್‌ಎನ್ ಆಗಿ ಉಳಿಸಿದರೆ ಸಾಲಿನಲ್ಲಿ 240 ಅಕ್ಷರ ದಾಟಿದ್ದು ಬೇರೆ ಸಾಲಿಗೆ ಹೋಗುತ್ತದೆ.

ಇನ್ನು ನಮ್ಮ ಕನ್ನಡದ ಹೆಸರುಗಳು. ‘ತ್ರಿಪುರಸುಂದರಮ್ಮ’ ಕಣ್ಣಿಗೆ ಏಳೇ ಅಕ್ಷರ. ಯೂನಿಕೋಡ್ ಎಣಿಕೆಯಲ್ಲಿ 15, ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ 45 ಬೈಟ್. ಹೆಸರಿಗೆ 40 ಬೈಟ್ ಕೊಟ್ಟವರು ಇಂಗ್ಲಿಷ್ ಹೆಸರನ್ನಷ್ಟೇ ನೆನೆದಿದ್ದರು. ಕುರುಡಾಗಿ ಕತ್ತರಿಸಿದರೆ ‘ತ್ರಿಪುರಸುಂದರಮ’ ಉಳಿದು, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಖಾತೆಯ ಹೆಸರಿಗೆ ಅದು ಹೊಂದುವುದಿಲ್ಲ. ಹೊಸ ಫೈಲಿನ ವಿನ್ಯಾಸ ನಿಮ್ಮ ಮೇಜಿಗೆ ಬಂದಾಗ ‘ಉದ್ದ ಅಕ್ಷರದಲ್ಲೋ ಬೈಟಿನಲ್ಲೋ?’ ಎಂದು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಿ. ಪರೀಕ್ಷೆಗೆ ಹಾಕುವ ಮೊದಲ ಹೆಸರು ನಮ್ಮ ತ್ರಿಪುರಸುಂದರಮ್ಮನದ್ದೇ ಇರಲಿ.