ನಮ್ಮೂರ ಬೆಟ್ಟದ ಚಿತ್ರ



ಹೊಯ್ಸಳ ರಾಮನಾಥ ಆಳಿದ ಊರು ನಮ್ಮದು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದಮೇಲೆ ಸುತ್ತಲ ಹೊಲಗಳು ಲೇಔಟ್‌ಗಳಾಗುತ್ತಿವೆ. ಸಾಫ್ಟ್‌ವೇರ್ ಕೆಲಸಕ್ಕೆ ರಜೆ ಸಿಕ್ಕಾಗ ನಾನು ಇವನ್ನು ಕ್ಯಾಮೆರಾದಲ್ಲಿ ಹಿಡಿದಿಡುತ್ತೇನೆ. ನಿಮ್ಮ ಮೊಬೈಲೂ ಸಾಕು.

ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆಯಿರಿ. ನೆರಳು ಉದ್ದ ಬಿದ್ದು ಬಂಡೆಯ ಉಬ್ಬುತಗ್ಗು ಎದ್ದು ಕಾಣುತ್ತದೆ. ಬೆಟ್ಟದ ಮುಂದೆ ರಾಗಿ ಹೊಲ, ಬದುವಿನ ಮೇಲೊಬ್ಬ ಮನುಷ್ಯ ಇರಲಿ. ಆಗಲೇ ಬೆಟ್ಟದ ಎತ್ತರ ತಿಳಿಯುವುದು. ಮೋಡವಿಲ್ಲದ ಆಕಾಶಕ್ಕೆ ಚಿತ್ರದ ಮೂರನೇ ಒಂದು ಭಾಗ ಸಾಕು.

ಮುಖ್ಯವಾಗಿ, ಪ್ರತಿ ವರ್ಷ ಅದೇ ಜಾಗದಲ್ಲಿ ನಿಂತು ತೆಗೆದು, ದಿನಾಂಕ, ಹೊಲದ ಹೆಸರು ಬರೆದು ಶಾಲೆಗೆ ಕೊಡಿ. ಹೊಲ ಎಲ್ಲಿತ್ತೆಂದು ಮುಂದಿನ ಮಕ್ಕಳು ಕೇಳಿದರೆ ತೋರಿಸಲು ಅದೊಂದೇ ಉಳಿದಿರಬಹುದು.